ಗೌರಿಯ ಬದಲು ನಾನು ಹೇಳಿದ ಒಪ್ಪಿಗೆ

ನೋಂದಣಿ ಕಚೇರಿಯಲ್ಲಿ ನನ್ನ ತಂಗಿ ಗೌರಿ ಮನೆ ಕೊಡುವುದಿಲ್ಲ ಎಂದಳು. ಒಪ್ಪಿದ್ದಾಳೆ ಎಂದು ಅಧಿಕಾರಿಗೆ ಹೇಳಿದವಳು ನಾನು. ಆರು ವರ್ಷದಿಂದ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ — ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿಹೋಗಿದೆ.

ಗೌರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತು ಬಾರದು. ಶಾಲೆಗೂ ಹೋದವಳಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಸನ್ನೆಗಳೇ ಅವಳ ಭಾಷೆ. ಅದು ಪೂರ್ತಿ ತಿಳಿಯುತ್ತಿದ್ದದ್ದು ನನಗೊಬ್ಬಳಿಗೇ. ಅಪ್ಪ ತೀರಿಕೊಂಡ ಮೇಲೆ ಅವಳು ಚನ್ನರಾಯನದುರ್ಗದ ಮನೆಯಲ್ಲೇ ಇದ್ದಳು. ಆ ಮನೆ ಮಾರಲು ತಮ್ಮ ರುದ್ರೇಶ ಹೊರಟ. ಅದಕ್ಕೆ ಅಕ್ಕತಂಗಿ ನಾವಿಬ್ಬರೂ ಹಕ್ಕು ಬಿಟ್ಟುಕೊಡಬೇಕಿತ್ತು. "ನೀನೇ ಹೆಂಗಾದ್ರೂ ಮಾಡಿ ಒಪ್ಪಿಸ್ಬುಡಕ್ಕ. ಇಲ್ಲಾಂದ್ರೆ ನಿನ್ ದಾರಿ ನಿಂಗೆ, ನನ್ ದಾರಿ ನಂಗೆ," ಎಂದ. ನನ್ನ ಮಗಳ ಮದುವೆ ಗೊತ್ತಾಗಿತ್ತು. ಸೋದರಮಾವನೇ ಬಾರದ ಮದುವೆ — ಬೀಗರ ಮುಂದೆ ಏನು ಹೇಳಲಿ? ಹೆದರಿದೆ. ಅಷ್ಟೇ.

ಅಧಿಕಾರಿ ಸುಮ್ಮನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. "ಮನೆ ಬಿಟ್ಟುಕೊಡೋಕೆ ಇವರಿಗೆ ಇಷ್ಟ ಇದೆಯಾ, ಕೇಳಮ್ಮ," ಎಂದರು. ಕೇಳಿದೆ. ಸರಿಯಾಗಿಯೇ ಕೇಳಿದೆ. ಗೌರಿ ಎರಡೂ ಕೈ ಜೋಡಿಸಿ ಸೂರು ಮಾಡಿ ತೋರಿಸಿ, ಎದೆಗೆ ಒತ್ತಿಕೊಂಡು ತಲೆಯಾಡಿಸಿದಳು. ನನ್ನ ಮನೆ, ಕೊಡಲ್ಲ.

"ಏನಂತಾರೆ?"

"ಒಪ್ಪಿಗೆ ಐತಂತೆ ಸಾರ್. ಅಪ್ಪನ ಮನೆ ಅಲ್ವಾ, ಒಸಿ ಸಂಕಟ."

ಅವಳ ಕಡೆ ತಿರುಗಿ ಸನ್ನೆ ಮಾಡಿದೆ: ಮನೆ ನಿನ್ನದೇ ಎಂದು ಬರೆದಿದ್ದಾರೆ, ಒತ್ತು. ಅವಳು ನಗುನಗುತ್ತಾ ಒತ್ತಿದಳು. ಆ ನಗು — ಬೇಡ, ಹೇಳಲಾರೆ.

ಈಗ ಮಧುಗಿರಿಯಲ್ಲಿ ನನ್ನ ಮನೆಯ ನಡುಮನೆಯಲ್ಲಿ ಮಲಗುತ್ತಾಳೆ. ನಾವು ಏಳುವ ಮೊದಲೇ ಹಾಸಿಗೆ ಸುತ್ತಿಟ್ಟಿರುತ್ತಾಳೆ. ರುದ್ರೇಶ ಮನೆ ಕಿತ್ತುಕೊಂಡ ಎಂದೇ ನಂಬಿದ್ದಾಳೆ. ಅಕ್ಕಪಕ್ಕದವರು ನನ್ನನ್ನು ಪುಣ್ಯಾತ್ಗಿತ್ತಿ ಎನ್ನುತ್ತಾರೆ. ಥೂ.

ಹೋದ ವಾರ ವಿಕಲಚೇತನರ ಹಕ್ಕುಗಳ ಸಭೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಆಸ್ತಿಯಲ್ಲಿ ಇವರಿಗೂ ಎಲ್ಲರಷ್ಟೇ ಹಕ್ಕಿದೆ, ಎಷ್ಟೋ ದೇಶಗಳು ಒಟ್ಟಾಗಿ ಇದನ್ನು ಒಪ್ಪಿ ಸಹಿ ಹಾಕಿವೆ, ನಮ್ಮಲ್ಲೂ ಕಾನೂನಿದೆ ಎಂದು ವಕೀಲೆಯೊಬ್ಬರು ವಿವರಿಸಿದರು. "ಆ ವ್ಯವಹಾರದಲ್ಲಿ ಸ್ವಂತ ಲಾಭ ಇರೋರು ಇವರ ನೆರವಿಗೆ ನಿಲ್ಲಬಾರದು, ಪಕ್ಕಕ್ಕೆ ಸರೀಬೇಕು," ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ಕಾನೂನು ಆಗಲೂ ಇತ್ತು. ಅದಕ್ಕೂ ಅವಳಿಗೂ ನಡುವೆ ನಾನು ನಿಂತಿದ್ದೆ.

ಗೌರಿ ನನ್ನ ತೋಳು ತಟ್ಟಿ, ಏನಂತೆ ಎಂದು ಕೇಳಿದಳು. ನಾನು — ಈ ವಯಸ್ಸಿನಲ್ಲೂ ನಾನು — ಆಮೇಲೆ ಊಟ ಇದೆಯಂತೆ ಎಂದೆ.

ನಾಳೆ ಅವಳನ್ನು ಆ ವಕೀಲೆಯ ಬಳಿ ಕರೆದೊಯ್ಯುತ್ತೇನೆ. ಇಂಥವರ ಮನೆಸನ್ನೆಯನ್ನು ನಿಧಾನವಾಗಿ ಬಿಡಿಸಿಕೊಳ್ಳಬಲ್ಲ ಬೇರೆ ಯಾರನ್ನಾದರೂ ಕೂರಿಸಿ ಎಂದು ಕೇಳಿದ್ದೇನೆ. ಮನೆ ವಾಪಸ್ಸು ಬರುತ್ತದೋ ಇಲ್ಲವೋ... ಅದಕ್ಕೆ ಮುಂಚೆ, ಇವತ್ತೇ, ನಾನು ಅವಳಿಗೆ ಹೇಳಬೇಕು. ಸುಳ್ಳು ಎಂಬುದಕ್ಕೆ ನಮ್ಮಿಬ್ಬರಲ್ಲಿ ಸನ್ನೆಯೇ ಇಲ್ಲ. ಕಿತ್ತುಕೊಂಡರು ಎಂಬುದಕ್ಕೆ ಇದೆ. ಅದನ್ನು ಮಾಡಿ, ರುದ್ರೇಶನಲ್ಲ ಎಂದು, ನನ್ನ ಎದೆಗೇ ಬೆರಳಿಟ್ಟು ತೋರಿಸುತ್ತೇನೆ.