ಒಲೆಯ ಬಾಗಿಲು ಕಾಯುವವನು

“ನನ್ನ ಒಲಿಯಾಗಿಂದ ಸಾಸಿವಿಯಷ್ಟು ಕಾವು ಸೋರಿದ್ರ ಎಡಗಡಿ ಮೀಸಿ ಬೋಳಿಸ್ತೇನಿ!” ಇದು ಆಲಮೇಲದ ಬೆಲ್ಲದ ಗಾಣದಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಮಾಳಿಂಗರಾಯನ ಮಾತು. ನಲವತ್ತು ವರ್ಷ ಉರಿಯ ಮುಂದೆ ಕೂತು ಅವನ ಮೈ ಎಷ್ಟು ಕಾದಿದೆಯೆಂದರೆ, ಮಾಗಿಯ ಚಳಿಗೆ ಊರ ಬೆಕ್ಕುಗಳೆಲ್ಲ ಅವನ ಬೆನ್ನಿಗೇ ಆತು ಮಲಗುತ್ತವೆ. ಆರಿದ ಚಹಾವನ್ನು ಅಂಗೈಯಲ್ಲೇ ಹಿಡಿದು ಕುದಿಸುತ್ತಾನೆ. ಯಾರಾದರೂ ಒಲೆಯ ಬಾಗಿಲು ತೆರೆದಿಟ್ಟರೋ, “ಸೂರ್ಯ ನಿಮ್ಮ ಸೋದರಮಾವ ಏನ್ಲೇ, ಕಾವು ಪುಕ್ಕಟಿ ಬರಾಕ?” ಎಂದು ಹರಿಹಾಯುತ್ತಾನೆ. ಕಾವು ಪೋಲಾಗುವುದು ಕಂಡರೆ ಅವನ ಬದಲು ಸಿಪ್ಪೆ ನೂಕುವ ಯಂತ್ರ ಕೂರಿಸುವುದಾಗಿ ಮಾಲೀಕ ಬಸಂತರಾಯ ಹೇಳಿದ್ದ. ಸಂಶೋಧನೆಗೆಂದು ಬಂದ ಸುನೀತಾ ಎಂಟು ದಿನ ಒಲೆಗೆ ಕಾವು ಅಳೆಯುವ ಮೀಟರು ಹಚ್ಚಿದಳು. ದಿನವಿಡೀ ಗೆರೆ ನೆಟ್ಟಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ ಹತ್ತು ನಿಮಿಷ ದಡಕ್ಕನೆ ಕೆಳಗಿಳಿಯುತ್ತಿತ್ತು. ಮಾಲೀಕನಿಗೆ ಹಾಗೆಯೇ ಬರೆದುಕೊಟ್ಟರೆ ಮುದುಕನ ಕೆಲಸ ಹೋದಂತೆಯೇ. “ಆ ಹೊತ್ತಿಗೆ ಬಾಗಿಲಾ ಯಾಕ ತೆರೀತಿ ಕಾಕಾ?” ಎಂದು ಕೇಳಿದಳು. ಮಾಳಿಂಗರಾಯ ಮೀಸೆ ಮುಟ್ಟಿಕೊಂಡ. “ಸಾಲಿ ಹುಡುಗರು ಹಸಿಜೋಳದ ತೆನಿ ತರೋ ಹೊತ್ತು ಅದು, ಯವ್ವಾ. ಸೀತನಿ ಸುಟ್ಟು ಕೊಡಬೇಕಲ್ಲ.” ಅವಳೂ ಆ ಬಾಗಿಲ ಮುಂದೆ ಉಫ್ ಉಫ್ ಎಂದು ಬಿಸಿ ಸೀತನಿ ತಿಂದು ಬೆಳೆದವಳೇ. ಹೊರಗೆ ಶಾಲೆಯ ಹಳದಿ ಬಸ್ಸು ಮಕ್ಕಳನ್ನು ತುಂಬಿಕೊಂಡು ನಿಲ್ಲದೆ ಹೋಯಿತು. “ಈಗ ಯಾರೂ ಬರಂಗಿಲ್ಲಲ್ಲ ಕಾಕಾ,” ಎಂದಳು ಮೆಲ್ಲಗೆ. “ಬರಂಗಿಲ್ಲ?” ಮುದುಕ ಬಾಗಿಲನ್ನು ಇನ್ನಷ್ಟು ಅಗಲ ತೆರೆದ. “ಇಂಡಿಯಿಂದ ಮುದ್ದೇಬಿಹಾಳತನಕ ಇದ್ದಬಿದ್ದ ಗಾಣ ಎಲ್ಲಾ ಬಿಟ್ಟು, ಮೀಟರ್ ಹಿಡ್ಕೊಂಡು ನೀ ಇಲ್ಲಿಗೇ ಯಾಕ ಬಂದಿ?”