ಶಿವಗಂಗಾ ಬಚ್ಚಿಟ್ಟ ಬೈಕಿನ ಕೀಲಿ

ಕೂಡ್ಲಿಗಿಯ ಶಿವಗಂಗಾ ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಬೆಳಗಿನ ಹೊತ್ತು ಮನೋವೈಜ್ಞಾನಿಕ ಥ್ರಿಲ್ಲರ್ ಬರೆಯುತ್ತಾಳೆ. ಎರಡನೆಯ ಕಾದಂಬರಿ ನಡುವೆಯೇ ನಿಂತುಬಿಟ್ಟಿತ್ತು. ಮನೆಯ ವಸ್ತುಗಳು ಜಾಗ ಬದಲಿಸಿದಾಗಲೆಲ್ಲ ಕಥೆಯ ನಾಯಕಿ ಕಿರುಚುತ್ತಿದ್ದಳು. ಓದಿದರೆ ಶಿವಗಂಗಾಳಿಗೇ ಭಯವಾಗುತ್ತಿರಲಿಲ್ಲ.

ನಿಜಕ್ಕೂ ಏನಾಗುತ್ತದೆ ನೋಡೋಣವೆಂದು ಅವಳು ಗಂಡ ತಿಪ್ಪೇಶನ ಬೈಕಿನ ಕೀಲಿಯನ್ನು ದಿನಕ್ಕೊಂದು ಕಡೆ ಇಡತೊಡಗಿದಳು. ಲೈನ್‌ಮ್ಯಾನ್ ತಿಪ್ಪೇಶ ಕೂಗಾಡಲಿಲ್ಲ. ಸುಮ್ಮನೆ ಹುಡುಕಿಕೊಂಡು, ಏನೂ ಆಗದವನಂತೆ ಹೊರಡುತ್ತಿದ್ದ. ಬರಬರುತ್ತ ಅವನ ಮಾತೇ ಕಡಿಮೆಯಾಯಿತು. ತಡೆಯಲಾಗದೆ ಅವಳು ಎಲ್ಲ ಹೇಳಿಬಿಟ್ಟಳು.

“ನಿಂದಾ ಈ ಕೆಲಸ? ಕಂಬ ಹತ್ತೋ ನನಗ ಮರೆವು ಶುರುವಾತೇನೋ ಅಂತ ಅಂಜಿದ್ನಲ್ಲ!”

“ಮತ್ತ ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀನೂ ಅಂಜ್ತಿದ್ದಿ.”

ಅವಳಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಇನ್ನು ಹಾಗೆ ಮಾಡುವುದಿಲ್ಲವೆಂದು ಅವನ ಕೈ ಹಿಡಿದುಕೊಂಡಳು. ಮರುದಿನ ಆ ಅಧ್ಯಾಯವನ್ನು ಹೊಸದಾಗಿ ಬರೆದಳು. ಈಗ ನಾಯಕಿ ಕಿರುಚುವುದಿಲ್ಲ. ಮನೆಯವರು ಹೆದರಬಾರದೆಂದು ನಗುನಗುತ್ತ ಊಟ ಬಡಿಸುತ್ತಾಳೆ.

ಮೊದಲು ಓದಿದವನು ತಿಪ್ಪೇಶ. ಆ ಪುಟ ಮುಗಿಸಿ, ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದ.

“ಮುಂದಿಂದು ಲಗೂನ ಬರಿ,” ಎಂದ.