ರೇಡಿಯೇಟರಿಗೆ ರಟ್ಟು

ನಮ್ಮಪ್ಪ ಸವದತ್ತಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ತಾನು ನೀರು ಕುಡಿಯುವ ಮೊದಲು ಕಾರಿಗೆ ಕುಡಿಸುವ ಆಸಾಮಿ. ಬೇಸಿಗೆಯಲ್ಲಿ ರಾಮದುರ್ಗದ ಕಡೆ ಬಾಡಿಗೆ ಬಂದರೆ ಡಿಕ್ಕಿಯಲ್ಲಿ ಗಿರಾಕಿಗಳ ಗಂಟುಮೂಟೆಗಿಂತ ನೀರಿನ ಕ್ಯಾನುಗಳೇ ಹೆಚ್ಚು. "ಗಾಡಿ ತಂಪಿರಬೇಕು, ಡ್ರೈವರನ ತಲಿ ತಂಪಿರಬೇಕು" ಎನ್ನುತ್ತಿದ್ದ. ಗಾಡಿಯ ಮಾತು ನಿಜ. ತಲೆಯ ಮಾತನ್ನು ನಮ್ಮವ್ವನನ್ನು ಕೇಳಬೇಕು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆಗ ಒಂದು ರೂಢಿಯಿತ್ತು. ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯಲು ಥರ್ಮೋಸ್ಟಾಟ್ ಎಂಬ ಸಣ್ಣ ಬಿಲ್ಲೆಯೊಂದು ಇರುತ್ತದೆ. ಹಳೆಯ ಕಾರು ಕೈಗೆ ಬಂದ ಕೂಡಲೇ ಮೇಸ್ತ್ರಿಗಳು ಅದನ್ನು ಕಿತ್ತು ಒಗೆಯುತ್ತಿದ್ದರು. ಬಿಸಿಲ ನಾಡು, ನೀರು ಸದಾ ಹರಿದಾಡಿಕೊಂಡಿರಲಿ, ಎಂಜಿನ್ ಕುದಿಯದಿರಲಿ ಎಂಬ ಲೆಕ್ಕ. ಅಪ್ಪನೂ ಕೀಳಿಸಿದ್ದ. ಎಂಜಿನ್ನಿನಲ್ಲಿ ಕಾದ ನೀರಿನಿಂದಲೇ ಕಾರಿನೊಳಗೆ ಬಿಸಿ ಗಾಳಿ ಬಿಡುವ ಹೀಟರಿನ ಹಿಡಿಯನ್ನಂತೂ ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಎಂಟು ತಿಂಗಳಿಗೇ ಒಂದು ಮುಂಜಾನೆ ಊರ ದವಾಖಾನೆಯಲ್ಲಿ ಮಗಳು ಹುಟ್ಟಿಬಿಟ್ಟಳು. ಅಂಗೈಯಷ್ಟು ಕೂಸು. ಅಳಲಿಲ್ಲ, ಕುಂಯ್ ಎಂದಿತಷ್ಟೆ. ಡಾಕ್ಟರ್ ಬಾಯಿಯವರು ಅದನ್ನು ನನ್ನ ಬರಿಯ ಎದೆಗೆ ಒರಗಿಸಿ ಮೇಲೆ ಕಂಬಳಿ ಸುತ್ತಿದರು. "ಧಾರವಾಡಕ್ಕ ಒಯ್ರಿ. ಅಲ್ಲಿ ಕೂಸು ಬೆಚ್ಚಗಿರಾಕ ಕಾಜಿನ ಪೆಟಗ್ಯಾಗ ಇಡತಾರ. ಹಾದ್ಯಾಗ ಥಂಡಿ ಹತ್ತಿತಂದ್ರ ಕೂಸು ಉಳಿಯೂದು ಕಷ್ಟ ಐತ್ರಿ" ಎಂದರು. ನನ್ನ ಮೈಯ ಕಾವೇ ಅದಕ್ಕೆ ಔಷಧಿ. ಆದರೆ ರಕ್ತ ಹೋಗಿ ನಾನೇ ಗಡಗಡ ನಡುಗುತ್ತಿದ್ದೆ. ದವಾಖಾನೆಯ ಗಾಡಿ ಇನ್ನೊಬ್ಬ ರೋಗಿಯನ್ನು ಕರೆದುಕೊಂಡು ಬೆಳಗಾವಿಗೆ ಹೋಗಿತ್ತು. ಅಪ್ಪನ ಕಾರೇ ಗತಿಯಾಯಿತು. ಅವ್ವ ಒಂದು ರಟ್ಟಿನ ಡಬ್ಬಿಯಲ್ಲಿ ಅರಿವೆ ತುಂಬಿಕೊಂಡು ನನ್ನ ಪಕ್ಕ ಕೂತಳು.

ಊರು ದಾಟಿದ ಮೇಲೆ ಅಪ್ಪ ಹೀಟರಿನ ಹಿಡಿಯನ್ನು ಪೂರ್ತಿ ತಿರುಗಿಸಿದ. ಧೂಳಿನ ವಾಸನೆಯ ಜೊತೆ ಗಾಳಿ ಬಂತು; ಆರಿದ ಚಹಾದಷ್ಟೂ ಬಿಸಿ ಇರಲಿಲ್ಲ. ಇನಾಮಹೊಂಗಲ ಹತ್ತಿರವಾದರೂ ಅಷ್ಟೇ. ಕಂಬಳಿಯೊಳಗೆ ಕೈಹಾಕಿ ಕೂಸಿನ ಪಾದ ಮುಟ್ಟಿದೆ.

"ಅಪ್ಪಾ, ಇದರ ಕಾಲು ತಣ್ಣಗಾಗಾಕ ಹತ್ಯಾವು" ಎಂದೆ. ನನ್ನ ದನಿ ಕೇಳಿ ನನಗೇ ಭಯವಾಯಿತು.

ಅಪ್ಪ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟೇ ಬಾನೆಟ್ ಎತ್ತಿದ. ನೀರು ಸರಿಯಾಗಿತ್ತು. ಹೀಟರಿಗೆ ಹೋಗುವ ಪೈಪು ಹಿಡಿದು ನೋಡಿದ, ಅಲ್ಲಿಂದ ಮರಳುವ ಪೈಪು ಹಿಡಿದು ನೋಡಿದ. ಎರಡೂ ಒಂದೇ ಸಮನೆ ಉಗುರುಬೆಚ್ಚಗಿದ್ದವು. ಅಂದರೆ ಹೀಟರ್ ಕಟ್ಟಿಕೊಂಡಿಲ್ಲ, ಅದಕ್ಕೆ ಬರುವ ನೀರೇ ಕಾದಿಲ್ಲ. ಕಿಟಕಿಯೊಳಗೆ ತಲೆ ಹಾಕಿ ಮೀಟರಿನ ಮುಳ್ಳು ನೋಡಿದ. ಅದು ತಳದಲ್ಲೇ ಇತ್ತು.

"ಎಂಜಿನ್ನಽ ಕಾದಿಲ್ಲ. ಕಾಯಗೊಡಬಾರದಂತ ನಾವಽ ಮಾಡಿಟ್ಟೇವಿ" ಎಂದವನು ಅವ್ವನ ಕಡೆ ತಿರುಗಿ, "ಆ ರಟ್ಟಿನ ಡಬ್ಬಿ ಖಾಲಿ ಮಾಡು" ಎಂದ.

ಅದರಲ್ಲಿ ನನ್ನ ಬಾಣಂತನದ ಅರಿವೆಗಳಿದ್ದವು. "ಈಗೇನ ಗಾಡಿಗೆ ಹೊಚ್ಚಿ ಮಲಗಸ್ತೀರೇನ್ರಿ?" ಎನ್ನುತ್ತಲೇ ಅವ್ವ ಎಲ್ಲವನ್ನೂ ಸೀಟಿನ ಮೇಲೆ ಸುರಿದಳು. ಅವಳಿಗೆ ಗೊತ್ತಿಲ್ಲದೆಯೇ ಸರಿಯಾದ ಮಾತು ಹೇಳಿದ್ದಳು. ಅಪ್ಪ ಡಬ್ಬಿಯನ್ನು ಹರಿದು ಚಪ್ಪಟೆ ಮಾಡಿ, ಗಾಳಿ ಹೊಡೆಯದಂತೆ ರೇಡಿಯೇಟರಿನ ಮುಂದೆ ಸಿಕ್ಕಿಸಿದ. ಕೆಳಗೆ ಸ್ವಲ್ಪ ಜಾಗ ಬಿಟ್ಟ. ಆಯುಷ್ಯವಿಡೀ ಎಂಜಿನ್ನನ್ನು ತಂಪಾಗಿಟ್ಟ ಮನುಷ್ಯ ಕೈಯಾರೆ ಅದನ್ನು ಕಾಯಿಸಲು ಹೊರಟಿದ್ದ. ಮಿತಿಮೀರಿ ಕುದ್ದು ನಿಂತರೆ ಆ ಹಾದಿಯಲ್ಲಿ ನಮ್ಮನ್ನು ಕೇಳುವವರಿರಲಿಲ್ಲ.

ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಮುಳ್ಳಿಗೆ. ಹಾರೋಬೆಳವಡಿಯ ಮಂಜಿನಲ್ಲಿ ಮುಳ್ಳು ಏಳತೊಡಗಿತು. ನಡುವಿಗೆ ಬಂತು, ಇನ್ನೂ ಏರಿತು. ಅಪ್ಪ ಇಳಿದು ರಟ್ಟನ್ನು ಒಂದಿಷ್ಟು ಮೇಲೆ ಸರಿಸಿ ಬಂದ. ಮುಳ್ಳು ನಡುವಿಗೆ ಮರಳಿ ಅಲ್ಲೇ ನಿಂತಿತು.

ಆಗ ನನ್ನ ಪಾದಗಳಿಗೆ ಬಿಸಿ ತಾಗಿತು. ಮೊಣಕಾಲಿಗೆ ಬಂತು, ಮಡಿಲಿಗೆ ಬಂತು. ನನ್ನ ನಡುಕ ನಿಂತಿತು. ಅದು ಹೇಗೆ ಹೇಳಲಿ! ಅಷ್ಟು ವರ್ಷ ನಾವು ಬೇಡವೆಂದು ಗಾಳಿಗೆ ಚೆಲ್ಲುತ್ತ ಬಂದ ಬೆಂಕಿ, ಯಲ್ಲಮ್ಮನ ಗುಡ್ಡ ಏರುವಾಗ ಶಾಪ ಹಾಕಿಸಿಕೊಂಡ ಬೆಂಕಿ, ಸದ್ದಿಲ್ಲದೆ ನನ್ನ ಮೈಗೆ ಬಂದು, ನನ್ನಿಂದ ಕೂಸಿಗೆ ಇಳಿಯುತ್ತಿತ್ತು. ಅದರ ಬೆರಳುಗಳು ನನ್ನ ಎದೆಯ ಮೇಲೆ ಒಂದೊಂದಾಗಿ ಬಿಚ್ಚಿಕೊಂಡವು.

ಧಾರವಾಡದ ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಕಂಬಳಿ ಬಿಚ್ಚಿ ಕೂಸನ್ನು ಎತ್ತಿಕೊಂಡಳು. ಹೊರಗಿನ ಥಂಡಿ ತಾಗಿದ್ದೇ ತಡ, ಮಗಳು ಮೈಯೆಲ್ಲ ಕೆಂಪಗಾಗಿ, ಹುಟ್ಟಿದಾಗಿನಿಂದ ಅಳದಿದ್ದ ಅಳುವನ್ನೆಲ್ಲ ಒಮ್ಮೆಗೇ ಅತ್ತಳು. ಅವ್ವ ಸುಮ್ಮನಿರಿಸಲು ಕೈಚಾಚಿದಳು.

"ಬಿಡು, ಅಳ್ಳಿ" ಎಂದ ಅಪ್ಪ, ಬಾನೆಟ್ಟಿಗೆ ಆತು ನಿಂತು ತಾನೂ ಅಳುತ್ತ. "ಬೆಚ್ಚಗಿದ್ದಕಿಗಷ್ಟಽ ಥಂಡಿ ತಿಳೀತೈತಿ."